ವೈರಿನ ಆ ತುದಿ

ಗಾಳಿ ಬೀಸಲಿ ಎಂದು ಅವನು ಹಾಸಿಗೆಯಲ್ಲಿ ಬಿದ್ದುಕೊಂಡೇ ಬೇಡಿಕೊಳ್ಳುತ್ತಿದ್ದ. ಯಾರನ್ನು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಅವನಿಗೇ ಸ್ಪಷ್ಟವಿರಲಿಲ್ಲ. ಕಿಟಕಿಯಾಚೆ ಎದುರು ಮನೆಯ ಮಹಡಿಯಲ್ಲಿ ಒಣಹಾಕಿದ್ದ ಅಂಗಿಯೊಂದು ಎರಡೂ ತೋಳು ಇಳಿಬಿಟ್ಟುಕೊಂಡು ಸುಮ್ಮನಿತ್ತು, ಅದರ ಅಂಚು ಕೂಡ ಅಲುಗುತ್ತಿರಲಿಲ್ಲ. ಬೇರೆ ಭಾನುವಾರಗಳಲ್ಲಿ ಇಂಥ ಬೆಳಗು ಕಂಡರೆ ಅವನು ಹಲ್ಲುಜ್ಜುವುದಕ್ಕೂ ಮೊದಲು ವಿಮಾನ ಕೈಗೆತ್ತಿಕೊಳ್ಳುತ್ತಿದ್ದ. ಫೋಮ್ ಹಾಳೆ ಕೊಯ್ದು, ಮಡಿಸಿ, ಅಂಟಿಸಿ ಮಾಡಿದ ವಿಮಾನ ಅದು. ಸ್ವಲ್ಪ ಗಾಳಿ ಎದ್ದರೂ ಹೇಳಿದ ಮಾತು ಕೇಳುವುದಿಲ್ಲ. ಅದಕ್ಕೇ ಅದನ್ನು ಹಾರಿಸುವವರಿಗೆಲ್ಲ ಎದುರು ಮನೆಯ ಬಟ್ಟೆಯ ಮೇಲೆ ಒಂದು ಕಣ್ಣು. ಇವತ್ತು ಮಾತ್ರ ಆ ಅಂಗಿ ಹಾರಿ ಬೀದಿಗೆ ಬೀಳಲಿ, ಧೂಳೆದ್ದು ಕಣ್ಣು ಬಿಡಲಾಗದಂತಾಗಲಿ, ಮೈದಾನಕ್ಕೆ ಹೋಗುವುದು ತಪ್ಪಿಹೋಗಲಿ ಎಂದು ಅವನಿಗೆ ಅನಿಸುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಾವ ಆಗಲೇ ಎದ್ದಿದ್ದರು. ಒಂದು ಕಾಲಿನ ಚಪ್ಪಲಿ ಎತ್ತಿಡುವ ಸದ್ದು, ಇನ್ನೊಂದು ಕಾಲಿನದು ನೆಲಕ್ಕೆ ಉಜ್ಜಿಕೊಂಡು ಬರುವ ಸದ್ದು. ಲಕ್ವ ಹೊಡೆದು ಎದ್ದ ಮೇಲೆ ಅವರು ಮಗಳ ಮನೆಗೆ ಬಂದಿದ್ದರು, ಅಂದಿನಿಂದ ಈ ಮನೆಗೆ ಬೆಳಗಾಗುವುದು ಆ ಎರಡು ಸದ್ದಿನಿಂದಲೇ. ಇವತ್ತು ಆ ಸದ್ದಿನಲ್ಲೂ ಅವಸರವಿತ್ತು. ಇವತ್ತು ಮಾವ ವೈರಿಲ್ಲದೆ ವಿಮಾನ ಹಾರಿಸುವ ದಿನ. ನೋಡುವುದಕ್ಕೆ ಅವರ ಮಗಳು, ಅವನ ಹೆಂಡತಿ, ಬೇರೆ ಬರುತ್ತಿದ್ದಳು.

ವೈರು ಎಂದರೆ ಎರಡು ರಿಮೋಟುಗಳ ನಡುವೆ ಕಟ್ಟಿದ ಕಪ್ಪು ವೈರು. ಒಂದು ತುದಿಯಲ್ಲಿ ಕಲಿಸುವವನು, ಇನ್ನೊಂದು ತುದಿಯಲ್ಲಿ ಕಲಿಯುವವನು. ಕಲಿಸುವವನ ರಿಮೋಟಿನ ಮೂಲೆಯಲ್ಲಿ ಸ್ಪ್ರಿಂಗಿನ ಪುಟ್ಟ ಸ್ವಿಚ್ಚೊಂದು ಇರುತ್ತದೆ. ಅದನ್ನು ಒತ್ತಿ ಹಿಡಿದಿರುವ ತನಕ ವಿಮಾನ ಶಿಷ್ಯನ ಮಾತು ಕೇಳುತ್ತದೆ, ಬೆರಳು ತೆಗೆದರೆ ಗುರುವಿನ ಕೈಗೆ ವಾಪಸು. ಒತ್ತದೇ ಇದ್ದರೆ ಶಿಷ್ಯ ತನ್ನ ರಿಮೋಟಿನ ಕಡ್ಡಿಗಳನ್ನು ಎಷ್ಟು ತಿರುವಿದರೂ ಮಕ್ಕಳ ಆಟದ ಸ್ಟೇರಿಂಗು ತಿರುವಿದಷ್ಟೇ ಪ್ರಯೋಜನ. ಅವನು ಒತ್ತುತ್ತಿರಲಿಲ್ಲ. ಮಳೆ ನಿಂತು ಮೈದಾನ ಒಣಗಿದಾಗಿನಿಂದ, ಮೊದಲ ಭಾನುವಾರ ಒಂದನ್ನು ಬಿಟ್ಟರೆ, ಅವನು ಆ ಸ್ವಿಚ್ಚಿನ ಮೇಲೆ ಬೆರಳೇ ಇಟ್ಟಿರಲಿಲ್ಲ. ಮಾವ ಕುತ್ತಿಗೆ ಎತ್ತಿ ಆಕಾಶ ನೋಡುತ್ತಾ ತಮ್ಮ ಕಡ್ಡಿಗಳನ್ನು ಜೋಪಾನವಾಗಿ ಆಡಿಸುತ್ತಿದ್ದರು. ಅವನು ಅವರ ಪಕ್ಕದಲ್ಲಿ ನಿಂತು, ಅವರ ಹೆಬ್ಬೆರಳುಗಳನ್ನು ಓರೆಗಣ್ಣಿನಲ್ಲಿ ನೋಡುತ್ತಾ, ಅವರ ಬಾಯಿಂದ ಬರುವ ಮಾತು ಕೇಳುತ್ತಾ, ವಿಮಾನವನ್ನು ತಾನೇ ಹಾರಿಸುತ್ತಿದ್ದ. "ಈಗ ನಿಧಾನಕ್ಕೆ ಎಡಕ್ಕೆ," ಎನ್ನುತ್ತಿದ್ದರು ಅವರು. ವಿಮಾನ ನಿಧಾನಕ್ಕೆ ಎಡಕ್ಕೆ ತಿರುಗುತ್ತಿತ್ತು. "ಸ್ವಲ್ಪ ಮೇಲೆ ತಗೋತೀನಿ," ಎನ್ನುತ್ತಿದ್ದರು, ಅದು ಏರುತ್ತಿತ್ತು. ವಾರದಿಂದ ವಾರಕ್ಕೆ ಮಾವ ಪಳಗಿದ ಕೈ ಎನಿಸಿಕೊಂಡರು. ಇವತ್ತು ವೈರು ಕಿತ್ತರೆ ಆ ಪಳಗಿದ ಕೈಯ ಬಂಡವಾಳ ಮಗಳ ಕಣ್ಣೆದುರೇ ಬಯಲಾಗುತ್ತದೆ, ಆ ಮೊದಲ ದಿನ ಬಿಟ್ಟರೆ ತಾವು ಹಾರಿಸಿಯೇ ಇರಲಿಲ್ಲ ಎಂದು ಅವರಿಗೇ ಗೊತ್ತಾಗುತ್ತದೆ. ಆಮೇಲೆ ಅವರ ಮುಖ ಹೇಗೆ ನೋಡುವುದು?

ಅವನು ಎದ್ದು ಹೊರಗೆ ಬಂದಾಗ ಊಟದ ಮೇಜಿನ ತುದಿಯಲ್ಲಿ ಚಾರ್ಜರಿನ ಹಸಿರು ದೀಪ ಉರಿಯುತ್ತಿತ್ತು. ನಿನ್ನೆ ಸಂಜೆ ಬ್ಯಾಟರಿಯನ್ನು ಚಾರ್ಜಿಗೆ ಹಾಕದೆ ಬೇಕೆಂದೇ ಬೀರುವಿನಲ್ಲಿ ಹಳೆಯ ಪತ್ರಿಕೆಗಳ ಹಿಂದೆ ತಳ್ಳಿದ್ದ. ಬೆಳಗ್ಗೆ ನೆನಪಾದವನಂತೆ ನಾಲಿಗೆ ಕಚ್ಚಿಕೊಂಡು, ಅಯ್ಯೋ ಮರೆತೇಬಿಟ್ಟೆ, ಮುಂದಿನ ವಾರ ನೋಡೋಣ ಎನ್ನುವುದು ಅವನ ಯೋಜನೆ. ಅಷ್ಟು ಬಡಕಲು ಯೋಜನೆಯೂ ಕೈಕೊಟ್ಟಿತ್ತು. ಮಾವ ಚಾರ್ಜರಿನ ಎದುರು ಕುರ್ಚಿ ಹಾಕಿಕೊಂಡು, ಎಡಗೈಯಲ್ಲಿ ಟೀ ಲೋಟ ಹಿಡಿದು, ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕೂತಿದ್ದರು. ಗಲ್ಲದ ಬಲಗಡೆ ಬ್ಲೇಡು ತಾಗಿದ ಗೆರೆಯೊಂದು ಹಸಿಯಾಗಿತ್ತು.

"ನೀವು ಮರೆತಿದ್ರಿ ಅಂತ ಕಾಣುತ್ತೆ ಅಳಿಯಂದಿರೇ," ಎಂದರು. "ನಾನೇ ಹುಡುಕಿ ಹಾಕಿದೆ."

"ಹೌದು ಮಾವ, ನಿನ್ನೆ ಯಾಕೋ ತಲೆನೋವು..."

"ಚಾರ್ಜಿಗೆ ಹಾಕಿ ಬಿಟ್ಟು ಹೋಗಬಾರದು, ಬೆಂಕಿ ಹತ್ಕೊಳುತ್ತೆ ಅಂತ ನೀವೇ ಹೇಳಿದ್ರಲ್ಲ? ಅದಕ್ಕೇ ಕಾಯ್ತಾ ಕೂತೆ. ಕಾಯೋದು ನನಗೇನೂ ಹೊಸದಲ್ಲ."

ಬೀರುವಿನ ಬಾಗಿಲು ಅರ್ಧ ತೆರೆದೇ ಇತ್ತು, ಪತ್ರಿಕೆಗಳು ಅಂಚಿಗೆ ಅಂಚು ಕೂಡಿಸಿ ಜೋಡಿಸಲ್ಪಟ್ಟಿದ್ದವು. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಮತ್ತೆ ಹೋಗಿ ಮಲಗಿಬಿಡುವಷ್ಟು.

ಶುರುವಾದದ್ದು ದಯೆಯಿಂದ ಎಂದು ಅವನು ತನಗೆ ತಾನೇ ಹೇಳಿಕೊಂಡು ಬಂದಿದ್ದ. ಮೊದಲ ಭಾನುವಾರ ನಿಯತ್ತಾಗಿ ಸ್ವಿಚ್ಚು ಒತ್ತಿದ್ದ. ವಿಮಾನ ಬೆನ್ನು ತೋರಿಸಿ ದೂರ ಹೋಗುವಾಗ ಎಲ್ಲ ಸರಿಯಾಗಿತ್ತು. ಅದು ನಮ್ಮ ಕಡೆ ಮುಖ ಮಾಡಿ ಬರುವಾಗ ಅದರ ಬಲ ನಮ್ಮ ಎಡವಾಗುತ್ತದೆ, ಹೊಸಬರೆಲ್ಲ ಮುಗ್ಗರಿಸುವುದು ಅಲ್ಲೇ. ಮಾವನ ಬಲಗೈ, ಚಮಚ ಹಿಡಿಯುವುದಕ್ಕೂ ಯೋಚನೆ ಮಾಡುವ ಕೈ, ತಪ್ಪು ದಿಕ್ಕಿಗೆ ಹೋಯಿತು. ಅವನು ಬೆರಳು ತೆಗೆಯುವಷ್ಟರಲ್ಲಿ ವಿಮಾನ ಮೂಗಡಿಯಾಗಿ ನೆಲಕ್ಕೆ ಬಡಿದಿತ್ತು. ಮೂಗು ಜಜ್ಜಿತ್ತು, ಒಡಲು ನಡುವೆ ಸೀಳಿತ್ತು, ಬಾಲದ ಪಟ್ಟಿಯನ್ನು ಆಡಿಸುವ ಬೆರಳುದ್ದದ ಮೋಟಾರಿನ ಹಲ್ಲುಗಳು ಉದುರಿದ್ದವು. ಆ ವಾರವೆಲ್ಲ ಕಾರ್ಖಾನೆಯಿಂದ ಬಂದು, ಕೈಕಾಲು ತೊಳೆದು, ಊಟದ ಮೇಜಿನ ಮೇಲೆ ಅದೇ ಕೆಲಸ. ಜಜ್ಜಿದ್ದನ್ನು ಕೊಯ್ದು ತೆಗೆಯುವುದು, ಹೊಸ ಹಾಳೆಯಲ್ಲಿ ಮೂಗಿನ ಅಚ್ಚು ಬರೆಯುವುದು, ಒಂದು ಮೈ ಮಾತ್ರ ಸೀಳಿ ಮಡಿಸುವುದು, ಸೀಳಿದ ಒಡಲಿಗೆ ಬಿದಿರುಕಡ್ಡಿ ಇಟ್ಟು ಅಂಟು ಗನ್ನಿನಿಂದ ಬಿಸಿ ಅಂಟು ಸುರಿದು, ಆರುವ ತನಕ ಉಸಿರು ಬಿಗಿಹಿಡಿದು ಒತ್ತಿಕೊಂಡಿರುವುದು. ಫೋಮಿನ ಬಿಳಿ ಪುಡಿ ತಟ್ಟೆಗೆ, ದಿಂಬಿಗೆ, ಹೆಂಡತಿಯ ಜಡೆಗೆ ಅಂಟಿಕೊಂಡಿತ್ತು. "ಈ ಮನೇಲಿ ಮನುಷ್ಯರು ಮಾತ್ರ ಹಾರಾಡ್ತಿಲ್ಲ," ಎಂದು ಅವಳು ಪೊರಕೆ ಹಿಡಿದಳು. ಮಾವ ಮಾತ್ರ ಎದುರಿಗೆ ಕೂತು, ಎಡಗೈಯಲ್ಲಿ ಟೇಪಿನ ಸುರುಳಿ ಹಿಡಿದುಕೊಂಡು, ವಾರವಿಡೀ ತುಟಿ ಪಿಟಕ್ಕೆನ್ನಲಿಲ್ಲ. ಅರ್ಧ ಉಂಡು ಕೈತೊಳೆಯುತ್ತಿದ್ದರು. ಒಂದು ದಿನ ಮಾತ್ರ, ಅದೂ ಟೇಪಿಗೆ ಹೇಳುವಂತೆ, "ನನ್ನ ಕೈಗೆ ಕೊಟ್ರೆ ಹೀಗೇ," ಎಂದಿದ್ದರು. ಮುಂದಿನ ಭಾನುವಾರ ಅವನು ಸ್ವಿಚ್ಚು ಒತ್ತಲಿಲ್ಲ. ವಿಮಾನ ಹಾಗೇ ಹಾರಿ ಹಾಗೇ ಇಳಿಯಿತು. ಮಾವ ಅವತ್ತು ಎರಡು ಸಲ ಬಡಿಸಿಕೊಂಡು ಉಂಡರು, ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿ ಕಣ್ಣೊರೆಸಿಕೊಂಡಳು. ಇಷ್ಟು ಜನಕ್ಕೆ ಇಷ್ಟು ಸುಖ ಕೊಡುವ ಸುಳ್ಳು ಎಲ್ಲಿ ಸಿಗುತ್ತದೆ ಎಂದು ಅವನು ಅವತ್ತು ನೆಮ್ಮದಿಯಿಂದ ನಿದ್ದೆ ಮಾಡಿದ್ದ.

ಈಗ ಸ್ನಾನದ ಮನೆಯಲ್ಲಿ ತಲೆಗೆ ನೀರು ಹುಯ್ದುಕೊಳ್ಳುತ್ತಾ ಅವನು ಆ ನೆಮ್ಮದಿಯನ್ನು ನೆನೆದು ಕೊಂಚ ಅಸಹ್ಯಪಟ್ಟ. ಒತ್ತದೇ ಇದ್ದದ್ದು ಮಾವನ ಊಟಕ್ಕಾಗಿ ಅಲ್ಲ. ಮತ್ತೊಂದು ವಾರ ಅಂಟು ಗನ್ನು ಹಿಡಿದು ಕೂರಲು ತನ್ನಿಂದಾಗದು ಎಂದು. ಜೊತೆಗೆ ಇನ್ನೊಂದು ಸಣ್ಣತನವೂ ಇತ್ತು. ವಾರದ ಆರು ದಿನದಲ್ಲಿ ಅವನ ಕೈಯ ಮಾತು ಕೇಳುವ ವಸ್ತು ಈ ಜಗತ್ತಿನಲ್ಲಿ ಒಂದೂ ಇರಲಿಲ್ಲ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಪೆಟ್ಟಿಗೆಗಳ ಮಡಿಕೆಯ ಗೆರೆ ಹಾಕುವುದು ಅವನ ಕೆಲಸ. ಎಲ್ಲಿ ಕೊಯ್ಯಬೇಕು, ಎಲ್ಲಿ ಮಡಿಸಬೇಕು, ಬಟ್ಟೆ ಒಗೆಯುವ ಯಂತ್ರದ ನಾಲ್ಕು ಮೂಲೆಗೆ ಎಷ್ಟು ದಪ್ಪದ ಫೋಮು. ಕಳೆದ ತಿಂಗಳು ಮೂಲೆಯ ತುಂಡನ್ನು ಹಗುರ ಮಾಡುವ ಹೊಸ ನಕ್ಷೆಯೊಂದನ್ನು ಉತ್ಸಾಹದಿಂದ ಬರೆದುಕೊಂಡು ಹೋಗಿದ್ದ. ಮ್ಯಾನೇಜರು ಎಲ್ಲರೆದುರು ಅವನ ಅಭಿಪ್ರಾಯ ಕೇಳಿದರು, ತಲೆದೂಗಿ ತಲೆದೂಗಿ ಕೇಳಿಸಿಕೊಂಡರು. ಮಾತು ಮುಗಿಸಿ ಕೂತ ಮೇಲೆ ಅವನಿಗೆ ಗೊತ್ತಾಯಿತು, ಒಪ್ಪಿಗೆಯಾಗಿ ಅಚ್ಚಾದ ಬೇರೊಂದು ನಕ್ಷೆ ಅದಾಗಲೇ ಎಲ್ಲರ ಮುಂದೆ ಮಗುಚಿಟ್ಟಿತ್ತು. ಅವನಿಗೆ ಅವಮಾನವಾದದ್ದು ನಕ್ಷೆ ತಿರಸ್ಕಾರವಾದದ್ದಕ್ಕಲ್ಲ, ಆ ತಲೆದೂಗಾಟಕ್ಕೆ. ಅಂಥ ವಾರದ ಕೊನೆಯಲ್ಲಿ ಹೆಬ್ಬೆರಳಿನ ತುದಿಯಿಂದ ಆಕಾಶದಲ್ಲಿರುವ ಒಂದು ವಸ್ತುವನ್ನು ತಿರುಗಿಸುವ ಸುಖವನ್ನು ಅವನು ಯಾರಿಗೂ ಬಿಟ್ಟುಕೊಡಲು ತಯಾರಿರಲಿಲ್ಲ. ಲಕ್ವ ಹೊಡೆದ ಮಾವನಿಗೂ. ಸೋಪಿನ ನೊರೆ ಕಣ್ಣಿಗೆ ಹೋಗಿ ಉರಿಯಿತು. ಆಗ ಹೊಳೆಯಿತು: ತಾನೂ ಭಾನುವಾರ ಭಾನುವಾರ ಮೈದಾನದಲ್ಲಿ ಮಾವನ ಮಾತಿಗೆ ತಲೆದೂಗುತ್ತಲೇ ಬಂದಿದ್ದೇನೆ.

ಕಾರು ಓಡಿಸುವುದು ಹೆಂಡತಿ. ಅವನಿಗೆ ಬರುವುದಿಲ್ಲ. ಹಾಗೆ ಬರದಿರುವುದಕ್ಕೂ ಮಾವನೇ ಕಾರಣ ಎಂದು ಅವನು ಎಂದೋ ತೀರ್ಮಾನಿಸಿ ಬಿಟ್ಟಿದ್ದ. ಮಾವ ಲಕ್ವ ಹೊಡೆಯುವವರೆಗೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅರ್ಧ ಊರಿಗೆ ಕಾರು ಕಲಿಸಿದವರು. ಅವರ ಕಾರಿನಲ್ಲಿ ಎರಡು ಬ್ರೇಕು, ಕಲಿಯುವವನ ಕಾಲಡಿ ಒಂದು, ಪಕ್ಕದಲ್ಲಿ ಅವರ ಕಾಲಡಿ ಒಂದು. ಮದುವೆಯಾದ ಹೊಸದರಲ್ಲಿ ಅಳಿಯನಿಗೂ ಕಲಿಸುವ ಶಾಸ್ತ್ರವಾಗಿತ್ತು. ಅವರು ಬಾಯಿಬಿಡುತ್ತಿರಲಿಲ್ಲ. ಶಿಷ್ಯರೆಲ್ಲ ಅವರಿಗಿಟ್ಟ ಹೆಸರು ಮೌನಿ ಮೇಷ್ಟ್ರು. ತಪ್ಪಾದರೆ ಬೈಗುಳವಿಲ್ಲ, ಸರಿಯಾದರೆ ಶಹಬ್ಬಾಸಿಲ್ಲ. ಸುಮ್ಮನೆ ರಸ್ತೆ ನೋಡುತ್ತಾ ಕೂತಿರುತ್ತಿದ್ದರು, ಕಾರು ತಂತಾನೇ ನಿಧಾನವಾಗುತ್ತಿತ್ತು. ನಿಲ್ಲಿಸಿದ್ದು ತಾನೋ ಅವರೋ ಎಂದು ಅವನಿಗೆ ಒಂದು ದಿನವೂ ಗೊತ್ತಾಗಲಿಲ್ಲ. ಆ ಗೊತ್ತಾಗದಿರುವಿಕೆಗೇ ಹೆದರಿ ಅವನು ಕಲಿಯುವುದನ್ನು ಬಿಟ್ಟು ಬಸ್ಸು ಹಿಡಿದ. ಈಗ ಮುಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಿದ್ದ ಮಾವನ ಎಡಗಾಲು, ಎದುರಿನ ವಾಹನ ನಿಧಾನಿಸಿದಾಗಲೆಲ್ಲ, ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಆ ಜಾಗದಲ್ಲಿ ನೆಲದ ಮ್ಯಾಟು ಸವೆದು ತೂತಾಗಿತ್ತು. ಹಿಂದಿನ ಸೀಟಿನಲ್ಲಿ ವಿಮಾನದ ರೆಕ್ಕೆಯನ್ನು ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು ಅವನು ಆ ತೂತನ್ನೇ ನೋಡುತ್ತಿದ್ದ.

"ಅಪ್ಪ, ಕೈ ನಡುಗಿದ್ರೆ ಇವರಿಗೆ ಕೊಟ್ಟುಬಿಡು. ಹಟ ಮಾಡ್ಬೇಡ," ಎಂದಳು ಹೆಂಡತಿ.

"ಕೊಡ್ತೀನಿ, ಕೊಡ್ತೀನಿ. ಕೊಡೋದಕ್ಕೇನು."

"ಇವರು ಹೇಳ್ತಿರ್ತಾರೆ, ಮೈದಾನದಲ್ಲಿ ಅಪ್ಪ ಒಂದೇ ಸಮ ಮಾತಾಡ್ತಾರೆ ಅಂತ. ನಾನು ನಂಬೋದೇ ಇಲ್ಲ. ನನಗೆ ಕಾರು ಕಲಿಸಿದಾಗ ಬಾಯಿಗೆ ಬೀಗ ಹಾಕ್ಕೊಂಡಿದ್ದೆ."

"ವಯಸ್ಸಾಯ್ತಲ್ಲ ಮಗಳೇ," ಎಂದರು ಮಾವ. "ವಯಸ್ಸಾದ ಮೇಲೆ ಕೈಗಿಂತ ಬಾಯಿ ಜಾಸ್ತಿ."

ಮೈದಾನ ಎಂದರೆ ಊರ ಹೊರಗೆ ಗೋಡೆ ಬಿದ್ದುಹೋದ ಹಳೆಯ ಇಟ್ಟಿಗೆ ಕಾರ್ಖಾನೆಯ ಬಯಲು. ಭಾನುವಾರ ಬೆಳಗ್ಗೆ ಅಲ್ಲಿ ನಾಲ್ಕೈದು ಜನ ಕೂಡುತ್ತಿದ್ದರು. ಅವರಲ್ಲಿ ಹಿರಿಯ ಒಬ್ಬ ದರ್ಜಿ. ಸೂಜಿಗೆ ದಾರ ಪೋಣಿಸುವ ಕಣ್ಣು, ಎಷ್ಟು ಎತ್ತರದಲ್ಲಿದ್ದರೂ ವಿಮಾನದ ಮೂಗು ಯಾವ ಕಡೆಗಿದೆ ಎಂದು ಹೇಳಬಲ್ಲ. ಸ್ವಿಚ್ಚು ಒತ್ತದ ವಿಷಯ ಅವನಿಗೆ ಎರಡನೇ ವಾರವೇ ಗೊತ್ತಾಗಿತ್ತು. ಒಂದು ದಿನ ಇವನನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈಯಿಟ್ಟು, "ಪುಣ್ಯದ ಕೆಲಸ ಮಾಡ್ತಿದ್ದೀರಿ ಬಿಡಿ. ನನ್ನ ಅಳಿಯನೂ ಇದ್ದಾನೆ, ದಂಡಕ್ಕೆ," ಎಂದಿದ್ದ. ಆ ಹೊಗಳಿಕೆ ಬೂಟಿನೊಳಗಿನ ಕಲ್ಲಿನ ಹಾಗೆ ಎಷ್ಟೋ ದಿನ ಒತ್ತುತ್ತಿತ್ತು. ಇವತ್ತು ದರ್ಜಿ ಆಕಾಶ ನೋಡಿದ, ಇವನ ಮುಖ ನೋಡಿದ, ತಾನೇ ಮೊದಲು ಬಾಯಿ ಹಾಕಿದ. "ಯಜಮಾನ್ರೇ, ವೈರು ಕೀಳೋಕೆ ಅವಸರ ಏನಿದೆ? ಇನ್ನೊಂದೆರಡು ವಾರ ಹೋಗಲಿ. ವೈರು ಕಿತ್ತ ದಿನ ಎಲ್ಲರಿಗೂ ಟೀ ಕೊಡಿಸ್ಬೇಕು, ಗೊತ್ತಲ್ಲ?"

ಅವನು ದರ್ಜಿಯ ಕಡೆ ಕೃತಜ್ಞತೆಯಿಂದ ನೋಡಿದ. ಹೆಂಡತಿ ದುಪಟ್ಟಾ ತಲೆಗೆ ಸುತ್ತಿಕೊಂಡು ಇಟ್ಟಿಗೆ ರಾಶಿಯ ಮೇಲೆ ಕೂತಿದ್ದಳು, ಶಾಲೆಯ ನಾಟಕಕ್ಕೆ ಬಂದ ತಾಯಿಯ ಹಾಗೆ ಅವಳ ಮುಖ ಅಗಲವಾಗಿತ್ತು. ಮಾವ ರೆಕ್ಕೆಗೆ ರಬ್ಬರ್ ಬ್ಯಾಂಡ್ ಹಾಕುವುದನ್ನು ತಾವೇ ಮಾಡುತ್ತೇನೆಂದರು. ಎಡಗೈಯಲ್ಲಿ ಎಳೆದು, ಬಲಗೈಯ ಹೆಬ್ಬೆರಳಿನಿಂದ ಅದುಮಿ ಹಿಡಿದು, ಒಂದೊಂದಾಗಿ ಸಿಕ್ಕಿಸಿದರು. ಬಾಲದ ಪಟ್ಟಿಯನ್ನು ಆಡಿಸಿ ನೋಡಿದರು. ಆಮೇಲೆ ನಿಧಾನವಾಗಿ ಎದ್ದುನಿಂತು, ಎರಡು ರಿಮೋಟುಗಳ ಕಡೆ ಗಲ್ಲ ತೋರಿಸಿದರು.

"ವೈರು ಇರಲಿ," ಎಂದರು. "ದರ್ಜಿ ಹೇಳಿದ್ದು ಸರಿ. ಆದ್ರೆ ಇವತ್ತು ನಾನು ಮೇಷ್ಟ್ರ ಕಡೆ ನಿಲ್ತೀನಿ. ಎಷ್ಟು ದಿನ ಆಯ್ತು, ಆ ಕಡೆ ಕೂತು. ಆ ದೊಡ್ಡ ರಿಮೋಟು ಇಲ್ಲಿ ಕೊಡಿ. ನನ್ನದು ನೀವು ತಗೊಳ್ಳಿ."

ಎಲ್ಲರೂ ನಕ್ಕರು. ಹೆಂಡತಿ ಚಪ್ಪಾಳೆ ತಟ್ಟಿದಳು. ಅವನಿಗೂ ನಗುವುದಲ್ಲದೆ ಬೇರೆ ದಾರಿಯಿರಲಿಲ್ಲ. ತನ್ನ ರಿಮೋಟನ್ನು, ಅದರ ಕತ್ತುಪಟ್ಟಿಯ ಸಮೇತ, ಮಾವನ ಕೊರಳಿಗೆ ತಾನೇ ಹಾಕಿದ. ಅವರ ಕಿವಿಯ ಹತ್ತಿರ ಕ್ಷೌರದ ಸೋಪಿನ ವಾಸನೆ ಇತ್ತು.

"ಇದನ್ನ ಒತ್ತಿ ಹಿಡಿದ್ರೆ ನಿಮಗೆ. ಬಿಟ್ರೆ ನನಗೆ. ಅಲ್ವಾ?"

"ಹೌದು ಮಾವ."

"ಗೊತ್ತು ನನಗೆ," ಎಂದರು ಅವರು, ಅವನ ಮುಖ ನೋಡದೆ.

ದರ್ಜಿ ವಿಮಾನವನ್ನು ತಲೆಯ ಮೇಲೆತ್ತಿ ನಾಲ್ಕು ಹೆಜ್ಜೆ ಓಡಿ ಎಸೆದ. ಅದು ಒಮ್ಮೆ ಕುಸಿದು, ಹುಲ್ಲಿಗೆ ತಾಗುವಂತಾಗಿ, ಮೋಟಾರಿನ ಸದ್ದು ಏರಿ, ಮೇಲೆದ್ದಿತು. ಅವನು ಅಭ್ಯಾಸದಂತೆ ತನ್ನ ಕಡ್ಡಿಯನ್ನು ಎಡಕ್ಕೆ ವಾಲಿಸಿದ. ವಿಮಾನ ನೇರ ಹೋಯಿತು. ಇನ್ನೂ ಸ್ವಲ್ಪ ವಾಲಿಸಿದ. ಅದು ತನ್ನ ಪಾಡಿಗೆ ಹೋಗಿ, ತನಗೆ ಬೇಕಾದಾಗ, ಬಲಕ್ಕೆ ತಿರುಗಿತು. ಮಾವ ಸ್ವಿಚ್ಚು ಒತ್ತಿರಲಿಲ್ಲ. ಕಡ್ಡಿಗಳು ಅವೇ, ಬೆರಳಿಗೆ ತಾಗುವ ಸ್ಪ್ರಿಂಗು ಅದೇ, ಆದರೂ ಕ್ಷಣಮಾತ್ರದಲ್ಲಿ ಅವನಿಗೆ ಗೊತ್ತಾಗಿಹೋಯಿತು. ಇದು ಗೊತ್ತಾಗದೇ ಇರುವ ಸಂಗತಿಯೇ ಅಲ್ಲ. ಒಂದು ಸುತ್ತು, ಒಂದೇ ಒಂದು ಸುತ್ತು ಸಾಕು. ಹಾಗಾದರೆ ಅವರಿಗೆ? ಪಕ್ಕದಲ್ಲಿ ಮಾವ ಮಾತಾಡುತ್ತಿರಲಿಲ್ಲ. ಎಡಕ್ಕೆ ಎನ್ನಲಿಲ್ಲ, ಮೇಲಕ್ಕೆ ಎನ್ನಲಿಲ್ಲ, ತುಟಿ ಬಿಗಿದು, ಕಾರಿನಲ್ಲಿ ಕೂರುತ್ತಿದ್ದ ಹಾಗೇ, ಸುಮ್ಮನೆ ಮುಂದೆ ನೋಡುತ್ತಿದ್ದರು. ಮೌನಿ ಮೇಷ್ಟ್ರು. ಅವರು ಬಾಯಿಬಿಡಲು ಶುರುಮಾಡಿದ್ದು ಯಾವಾಗ ಎಂದು ಅವನು ಆಗ ಲೆಕ್ಕ ಹಾಕಿದ. ಮೊದಲ ಭಾನುವಾರ, ತಾನು ನಿಯತ್ತಾಗಿ ಒತ್ತಿದ ದಿನ, ಅವರು ಒಂದು ಮಾತೂ ಆಡಿರಲಿಲ್ಲ. ಮಾತು ಶುರುವಾದದ್ದು ಎರಡನೇ ಭಾನುವಾರ, ಮೊದಲ ಸುತ್ತು ಮುಗಿದ ಮೇಲೆ. ಈಗ ನಿಧಾನಕ್ಕೆ ಎಡಕ್ಕೆ. ಸ್ವಲ್ಪ ಮೇಲೆ ತಗೋತೀನಿ. ಕಡ್ಡಿ ಸತ್ತಿದೆ ಎಂದು ತಿಳಿದ ಮನುಷ್ಯ ತನಗೆ ಉಳಿದಿದ್ದ ಒಂದೇ ಒಂದು ದಾರಿಯಿಂದ, ಬಾಯಿಂದ, ವಿಮಾನ ಹಾರಿಸುತ್ತಾ ಬಂದಿದ್ದ. ಅವರು ಹೇಳಿದ್ದನ್ನೆಲ್ಲ ತಾನು ಚಾಚೂ ತಪ್ಪದೆ ಮಾಡುತ್ತಾ ಬಂದಿದ್ದ, ದಯೆ ತೋರಿಸುತ್ತಿದ್ದೇನೆಂದು ಬೀಗುತ್ತಾ.

ವಿಮಾನ ಹಾರುತ್ತಿತ್ತು. ಚೆನ್ನಾಗಿ ಎನ್ನುವಂತಿಲ್ಲ. ಬಲಗೈಯ ನಡುಕ ರೆಕ್ಕೆಯ ತುದಿಯಲ್ಲಿ ಕಾಣುತ್ತಿತ್ತು, ತಿರುವಿನಲ್ಲಿ ಅದು ಎತ್ತರ ಕಳೆದುಕೊಂಡು ಮತ್ತೆ ಗಳಿಸುತ್ತಿತ್ತು. ಆದರೂ ಹಾರುತ್ತಿತ್ತು, ಮಾವ ಹಾರಿಸುತ್ತಿದ್ದರು. ದರ್ಜಿ ಬಾಯಿ ತೆರೆದುಕೊಂಡು ಒಮ್ಮೆ ಅಳಿಯನ ಕೈ, ಒಮ್ಮೆ ಮಾವನ ಕೈ ನೋಡುತ್ತಿದ್ದ. ಅಳಿಯನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಯಲಿನ ಆ ತುದಿಯಲ್ಲಿ ವಿಮಾನ ತಿರುಗಿ ಮುಖ ಇತ್ತ ಮಾಡಿತು, ಎಲ್ಲ ಹೊಸಬರೂ ಮುಗ್ಗರಿಸುವ ಜಾಗ. ಒಂದು ರೆಕ್ಕೆ ಬಾಗಿತು. ಇನ್ನೂ ಬಾಗಿತು. "ಆ ಕಡೆ ಅಲ್ಲ ಮಾವ, ಈ ಕಡೆ, ಈ ಕಡೆ!" ಎಂದು ಅವನು ಕೂಗಿದ. ಕೂಗುತ್ತಾ ತನ್ನ ಸತ್ತ ಕಡ್ಡಿಯನ್ನು ಕಿತ್ತುಬರುವ ಹಾಗೆ ತುದಿಗೆ ಒತ್ತಿದ. ಹೇಗಿದ್ದರೂ ಅದರಿಂದ ಏನೂ ಆಗುವುದಿಲ್ಲವಲ್ಲ ಎಂಬ ಸಿಟ್ಟು, ಆರು ದಿನದ ಸಿಟ್ಟು, ಅಷ್ಟೂ ಹೆಬ್ಬೆರಳಿಗೆ ಬಂದಿತ್ತು. ಬಾಗಿದ ರೆಕ್ಕೆ ಆಗಲೇ ನಿಧಾನವಾಗಿ ಮೇಲೇಳತೊಡಗಿತ್ತು, ಅವನ ಕಣ್ಣಿಗೆ ಅದು ಬೀಳಲಿಲ್ಲ. ಅವನ ಕೂಗು ಕೇಳಿ ಮಾವ ಸ್ವಿಚ್ಚು ಒತ್ತಿದರು.

ಟಿಕ್ ಎಂದಿತು. ವಿಮಾನ ಅವನ ಕೈಗೆ ಬಂತು. ಬಂದ ಕೂಡಲೇ, ತುದಿಗೆ ಒತ್ತಿದ್ದ ಕಡ್ಡಿಯ ಮಾತು ಕೇಳಿ, ಗಿರಕ್ಕನೆ ಮಗುಚಿ, ಹೊಟ್ಟೆ ಮೇಲೆ ಮಾಡಿಕೊಂಡು, ಇಟ್ಟಿಗೆ ರಾಶಿಯ ಈಚೆಗೆ ಬಡಿಯಿತು. ಫೋಮಿನ ಬಿಳಿ ಚೂರುಗಳು ಹಾರಿದವು.

ಹೆಂಡತಿ ಎದ್ದು ನಿಂತಿದ್ದಳು. ದರ್ಜಿ ಬಾಯಿ ತಡೆಯಲಾರದೆ, "ಅವರು ಸರಿ ಮಾಡ್ಕೊಂಡಿದ್ರಲ್ರೀ," ಎಂದ. ಎಂದು, ಎನ್ನಬಾರದಿತ್ತೆಂದು ಮೂಗು ಉಜ್ಜಿಕೊಂಡ.

ಚೂರು ಆಯುವುದಕ್ಕೆ ಇಬ್ಬರೇ ನಡೆದರು. ಕೊರಳಿಗೆ ರಿಮೋಟು, ನಡುವೆ ವೈರು, ಅದರ ಉದ್ದಕ್ಕಿಂತ ದೂರ ಹೋಗುವಂತಿರಲಿಲ್ಲ. ಹಾಗಾಗಿ ಅವನು ಮಾವನ ಎಳೆಯುವ ಕಾಲಿಗೆ ತನ್ನ ಹೆಜ್ಜೆ ಹೊಂದಿಸಿಕೊಂಡ. ಒಡಲು ಮೂರು ತುಂಡಾಗಿತ್ತು. ಮೋಟಾರು ಮಣ್ಣಿನಲ್ಲಿ ಹೂತಿತ್ತು. ಅವನು ಮೊಣಕಾಲೂರಿ ಚೂರುಗಳನ್ನು ಚೀಲಕ್ಕೆ ಹಾಕಿದ.

"ಮಾವ, ನಿಮಗೆ ಮೊದಲಿಂದ್ಲೂ ಗೊತ್ತಿತ್ತು."

"ಜೀವಮಾನ ಪೂರ್ತಿ ಎರಡನೇ ಬ್ರೇಕಿನ ಮೇಲೆ ಕಾಲಿಟ್ಕೊಂಡು ಅನ್ನ ತಿಂದವನು ನಾನು. ಕಲಿಯೋರಿಗೆ ಗೊತ್ತಾಗದ ಹಾಗೆ ಒತ್ತಬೇಕು ಅಳಿಯಂದಿರೇ. ನೀವು ಆ ಬ್ರೇಕನ್ನ ಪೂರ್ತಿ ಒತ್ತಿಬಿಟ್ರಿ."

"ಮತ್ತೆ ಯಾಕೆ ಒಂದು ಮಾತು ಹೇಳ್ಲಿಲ್ಲ?"

"ಹೇಳಿದ್ರೆ ಕೊಟ್ಟುಬಿಡ್ತಿದ್ರಿ. ಕೇಳಿ ಇಸ್ಕೊಂಡ ಹಾಗಾಗ್ತಿತ್ತು." ಮಾವ ಬಗ್ಗಲಾರದೆ, ಚಪ್ಪಲಿಯ ತುದಿಯಿಂದ ಒಂದು ಚೂರನ್ನು ಅವನ ಕಡೆ ತಳ್ಳಿದರು. "ಈಗ ಕೊಡ್ತಾರೆ, ಈಗ ಕೊಡ್ತಾರೆ ಅಂತ ವಿಮಾನ ಹೋದ ಹಾಗೇ ಕಡ್ಡಿ ಆಡಿಸ್ತಾ ಕಾಯ್ತಿದ್ದೆ. ಒಂದು ವಾರವೂ ಆಚೀಚೆ ಬಿಡಲಿಲ್ಲ. ಯಾವ ಗಳಿಗೇಲಿ ನೀವು ಒತ್ತಿದ್ರೂ ವಿಮಾನ ಬೀಳಬಾರದು ನೋಡಿ. ನೀವು ಒಂದೇ ಸುತ್ತಿಗೆ ಕೈಚೆಲ್ಲಿಬಿಟ್ರಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಭಾನುವಾರ ಭಾನುವಾರ ಸತ್ತ ಕಡ್ಡಿಯ ಮೇಲೆ ಅಷ್ಟು ಜೋಪಾನವಾಗಿ ಆಡುತ್ತಿದ್ದ ಆ ಎರಡು ಹೆಬ್ಬೆರಳುಗಳನ್ನು, ಒಂದು ನೆಟ್ಟಗೆ, ಒಂದು ನಡುಗುತ್ತಾ, ತಾನು ಓರೆಗಣ್ಣಿನಲ್ಲಿ ನೋಡುತ್ತಿದ್ದದ್ದು ನೆನಪಾಗಿ ಅವನಿಗೆ ಅಳು ಬಂತು. ಅಳುವಷ್ಟು ಶಕ್ತಿ ಇರಲಿಲ್ಲ. ಚೀಲದ ಬಾಯಿ ಕಟ್ಟಿದ. ಅಷ್ಟರಲ್ಲಿ ಹೆಂಡತಿ ಓಡಿಬಂದು, ಅಪ್ಪನ ಕೈ ಹಿಡಿದು ನೋಡಿ, ಗಂಡನ ಮುಖ ನೋಡಿ, "ಯಾರು ಬೀಳಿಸಿದ್ದು ರೀ?" ಎಂದಳು.

"ನಾನು," ಎಂದ ಅವನು.

"ಹೌದು, ಇವರೇ," ಎಂದರು ಮಾವ. ಆ ಎರಡು ಮಾತು ಹೇಳುವಾಗ ಅವರ ಮುಖದಲ್ಲಿ, ಬಹಳ ದಿನದ ಮೇಲೆ, ನಗು ಮೂಡಿತ್ತು. ಕೊರಳಿನಿಂದ ದೊಡ್ಡ ರಿಮೋಟು ತೆಗೆದು, "ತಗೊಳ್ಳಿ ನಿಮ್ಮದು," ಎಂದು ಅವನಿಗೆ ಕೊಟ್ಟು, ತಮ್ಮದನ್ನು ಇಸಿದುಕೊಂಡರು. ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿ ಎಲ್ಲರಿಗೂ ಟೀ ಕೊಡಿಸಿದ್ದೂ ಅವರೇ. ಯಾಕೆ ಎಂದು ದರ್ಜಿ ಕೇಳಲಿಲ್ಲ. ಎರಡು ಲೋಟ ಕುಡಿದ.

ವಾಪಸು ಬರುವಾಗ ಯಾರಿಗೂ ವೈರು ಕೀಳುವುದು ನೆನಪಾಗಿರಲಿಲ್ಲ. ಮುಂದಿನ ಸೀಟಿನಲ್ಲಿ ಮಾವನ ತೊಡೆಯ ಮೇಲೆ ಶಿಷ್ಯನ ರಿಮೋಟು, ಹಿಂದೆ ಅವನ ತೊಡೆಯ ಮೇಲೆ ಗುರುವಿನದು, ವೈರು ಸೀಟುಗಳ ಸಂದಿಯಲ್ಲಿ ಹಾದು ಬಂದಿತ್ತು. ವಿಮಾನ ಅವನ ಕಾಲ ಬುಡದಲ್ಲಿ ಚೀಲದೊಳಗಿತ್ತು. ಈ ವಾರವೆಲ್ಲ ಮತ್ತೆ ಬಿದಿರುಕಡ್ಡಿ, ಬಿಸಿ ಅಂಟು, ಬಿಳಿ ಪುಡಿ. ನಾಳೆ ಬೆಳಗ್ಗೆ ಮತ್ತೆ ಕಾರ್ಖಾನೆ, ಮಡಿಕೆಯ ಗೆರೆ, ತಲೆದೂಗುವ ಮ್ಯಾನೇಜರು. ಕಣ್ಣು ಮುಚ್ಚಿದರೆ ನಿದ್ದೆ ಬರುವ ಹಾಗಿತ್ತು. ಎದುರಿನ ಬಸ್ಸು ನಿಧಾನಿಸಿತು, ಹೆಂಡತಿ ಬ್ರೇಕು ಒತ್ತಿದಳು, ತೂತಾದ ಮ್ಯಾಟಿನ ಮೇಲೆ ಮಾವನ ಎಡಗಾಲೂ ಒತ್ತಿತು. ಅವನ ಬೆರಳು ರಿಮೋಟಿನ ಮೂಲೆ ಹುಡುಕಿಕೊಂಡು ಹೋಗಿ ಆ ಸ್ವಿಚ್ಚನ್ನು ಒತ್ತಿತು. ಎಷ್ಟು ಹಗುರವಾಗಿತ್ತು ಅದು, ಒತ್ತುವುದಕ್ಕೆ ಏನೂ ಬೇಕಿರಲಿಲ್ಲ. ಟಿಕ್ ಎಂಬ ಸದ್ದು ಕಾರಿನೊಳಗೆ ಸ್ಪಷ್ಟವಾಗಿ ಕೇಳಿಸಿತು.

ಮಾವ ಹಿಂದೆ ತಿರುಗಲಿಲ್ಲ. ಅವರ ಎರಡು ಹೆಬ್ಬೆರಳೂ ಕಡ್ಡಿಗಳ ಮೇಲೆ ಹೋಗಿ ಕೂತದ್ದು ಸೀಟಿನ ಸಂದಿಯಿಂದ ಅವನಿಗೆ ಕಂಡಿತು.

"ಕೇಳಿಸ್ತು," ಎಂದರು. "ಹಾಗೇ ಹಿಡ್ಕೊಂಡಿರಿ."

ಮನೆ ಬರುವ ತನಕ ಅವನು ಬೆರಳು ತೆಗೆಯಲಿಲ್ಲ.